ತುಳುಕದ ತಂಬಿಗೆ

ತಂಬಿಗೆಯ ಕಂಠದ ತನಕ ನೀರು ತುಂಬಿಸಿ ಟ್ರಾಲಿಯ ಹಲಗೆಯ ಮೇಲಿಟ್ಟು, ರೇಲ್ವೆ ಇನ್ಸ್‌ಪೆಕ್ಟರ್ ಯಜ್ಞೇಶ್ವರರಾಯರು "ಹೂಂ, ನಡೀರಿ" ಎಂದರು. ಆಳುಗಳಿಬ್ಬರು ಟ್ರಾಲಿ ತಳ್ಳುತ್ತ ಹಳಿಯ ಮೇಲೆ ಓಡಿದರು. ಮುಚ್ಚಿಹೋದ ಸ್ಟೇಷನ್ನಿನ ಈ ತುದಿಯಿಂದ ಆ ತುದಿ ಮುಟ್ಟಿದಾಗ ರಾಯರು ಬಗ್ಗಿ ನೋಡಿದರು. ಒಂದು ಹನಿಯೂ ಚೆಲ್ಲಿರಲಿಲ್ಲ; ಹಳಿ ಅಷ್ಟು ಸಮನಾಗಿತ್ತು. ಪಕ್ಕದಲ್ಲೇ ಏದುಸಿರು ಬಿಡುತ್ತ ಓಡಿಬಂದಿದ್ದ, ಹಳಿ ರಿಪೇರಿ ಗ್ಯಾಂಗಿನ ಮುಕಾದಮ ಅರ್ಜುನಪ್ಪನ ಎದೆ, ಬೇಡ ಬೇಡವೆಂದರೂ ಒಂದು ಗೇಣು ಉಬ್ಬಿತು. ಮರುಕ್ಷಣವೇ ಜಲ್ಲೆಂದಿತು. ಇವತ್ತೊಂದು ದಿನ ಆ ನೀರು ಚೆಲ್ಲಬೇಕಾಗಿತ್ತು.

"ಅಲ್ಲೋ ಅರ್ಜುನಪ್ಪಾ, ಎರಡು ತಿಂಗಳಾತು, ದಿನಾ ಮುಂಜಾನೆ ಇಲ್ಲೇ ಕೆಂಪು ನಿಶಾನಿ ಹಚ್ಚಿ ಗಾಡಿ ನಿಲ್ಲಸ್ತೀ. ಲೈನು ಕೆಟ್ಟದ, ರಿಪೇರಿ ನಡದದ ಅಂತ ಬರಸ್ತೀ. ಎಲ್ಲಿ ಕೆಟ್ಟದ, ತೋರಸು ನೋಡೋಣ?"

"ಒಳಗ ಕೆಟ್ಟೈತ್ರಿ ಸಾಹೇಬ್ರ. ಮ್ಯಾಲೆ ಕಾಣೂದಿಲ್ಲ."

"ಒಳಗ ಕೆಟ್ಟದ್ದು ಲೈನೋ, ನಿನ್ನ ತಲೀನೋ?"

ಅರ್ಜುನಪ್ಪನ ತಲೆಯ ಮೇಲೆ ಜರಿಯಂಚಿನ ಪಟಗಾ ಇತ್ತು. ಎಲ್ಲರಿಗಿಂತ ಛಲೋ ಲೈನು ಇಟ್ಟ ಮುಕಾದಮನಿಗೆ ವರ್ಷಕ್ಕೊಮ್ಮೆ ದೊಡ್ಡ ಸಾಹೇಬರೇ ಸುತ್ತುವ ಪಟಗಾ ಅದು. ಆರು ವರ್ಷದಿಂದ ಅದು ಬೇರೆ ತಲೆ ಕಂಡಿರಲಿಲ್ಲ. ಉಣಕಲ್ ಕಡೆಯ ಗ್ಯಾಂಗಿನ ಮುಕಾದಮ ಗೋವಿಂದಪ್ಪ ಆಸೆಗಣ್ಣಿನಿಂದ ನೋಡುತ್ತ ಕುಳಿತದ್ದೇ ಬಂತು. ಅವನ ಲೈನಿನ ಮೇಲೆ ಗಾಡಿ ಚಕ್ಕಡಿಯ ಹಾಗೆ ಕುಲುಕುತ್ತಿತ್ತು. ತನ್ನ ಹಳಿಯ ಬಗ್ಗೆ ಯಾರಾದರೂ ಸೊಲ್ಲೆತ್ತಿದರೆ ಹೊಡೆದಾಟಕ್ಕೇ ಇಳಿಯುವ ಅರ್ಜುನಪ್ಪ ಈಗ ತನ್ನ ಬಾಯಿಂದಲೇ ಅದು ಕೆಟ್ಟಿದೆ ಎನ್ನುತ್ತಿದ್ದ. ನೋಡಲು ಬಂದ ಬೀಗರ ಮುಂದೆ ಹೆತ್ತ ಮಗಳಲ್ಲೇ ಐಬು ತೆಗೆದಂತಾಗಿತ್ತು ಅವನಿಗೆ.

ಇದೆಲ್ಲ ಗಿರಣಿ ಕೂಲಿಗಳ ಚಾಳಿನ ಮಾಬೂಬಿಯಿಂದ ಆದದ್ದು. ಈ ಸ್ಟೇಷನ್ನು ಕಟ್ಟಿದ್ದೇ ಇಲ್ಲಿಯ ಹತ್ತಿ ಗಿರಣಿಗಾಗಿ. ಗಿರಣಿ ನಿಂತಿತು, ಮೂವತ್ತನಾಲ್ಕನೇ ಇಸ್ವಿಯಲ್ಲಿ ಸ್ಟೇಷನ್ನಿಗೂ ಬೀಗ ಬಿತ್ತು. ಚಾಳಿನ ಹೆಣ್ಣುಮಕ್ಕಳಿಗೆ ಹೊಟ್ಟೆಗೆ ಬೀಗ ಹಾಕಿಕೊಳ್ಳಲು ಬರುತ್ತದೆಯೇ? ಐದು ಮೈಲಿ ಆಚೆ, ಹುಬ್ಬಳ್ಳಿಯ ನೂಲಿನ ಗಿರಣಿಗೆ ನಡೆದು ಹೋಗತೊಡಗಿದರು. ಏಳಕ್ಕೆ ಭೋಂಗಾ ಕೂಗಿತೆಂದರೆ ಗೇಟು ಬಂದ್. ಮೂರು ಸಲ ತಡವಾದರೆ ಕೆಲಸವೇ ಹೋಯಿತು. ಹಾಗೆ ಒಂದೇ ವಾರದಲ್ಲಿ ನಾಲ್ವರು ಮನೆಗೆ ಬಂದು ಕುಳಿತಾಗ, ಮಾಬೂಬಿ ನೇರ ಅರ್ಜುನಪ್ಪನ ಬಾಗಿಲಿಗೆ ಬಂದಿದ್ದಳು. "ಅಣ್ಣಾ, ಮೂರು ಅರ್ಜಿ ಕೊಟ್ವಿ, ಗಾಡಿ ನಿಂದರಲಿಲ್ಲ. ನಿನ್ನ ಕೈಯಾಗ ನಿಶಾನಿ ಐತಿ" ಎಂದಷ್ಟೇ ಹೇಳಿ ಹೋಗಿದ್ದಳು.

ಬೈರಿದೇವರಕೊಪ್ಪದ ಕಡೆಯಿಂದ ಸಿಳ್ಳು ಕೇಳಿಸಿತು. ಆಳುಗಳು ತಂಬಿಗೆ ಇಳಿಸಿ ಟ್ರಾಲಿಯನ್ನು ಹಳಿಯಿಂದ ಎತ್ತಿ ಬದಿಗಿಟ್ಟರು. ಹಾಳು ಪ್ಲಾಟ್‌ಫಾರ್ಮಿನ ಮೇಲೆ ಬುತ್ತಿಗಂಟು ಹಿಡಿದ ನಲವತ್ತು ಹೆಣ್ಣುಮಕ್ಕಳು ಎದ್ದು ನಿಂತರು. ಎಲ್ಲರ ಕಣ್ಣೂ ಹಳಿಯ ನಡುವೆ ನೆಟ್ಟ ಕೆಂಪು ನಿಶಾನಿಯ ಮೇಲೆಯೇ.

"ನಿಶಾನಿ ತಗಿ" ಎಂದರು ರಾಯರು.

"ತಗೀತೇನ್ರಿ. ಮುಕಾದಮ ಲೈನು ಕೆಟ್ಟೈತಿ ಅಂದ್ರೂ ನಾನ ನಿಶಾನಿ ತಗಸೇನಿ ಅಂತ ಒಂದು ಚೀಟಿ ಬರಕೊಡ್ರಿ."

ರಾಯರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಭಾಳ ಶಾಣ್ಯಾ ಇದ್ದೀ. ಕೆಟ್ಟದ ಅಂತ ನಾ ಬರದ್ರ ಈ ಸಲ ಪಟಗಾ ಗೋವಿಂದಪ್ಪನ ತಲಿಗೆ ಹೋಗ್ತದ. ಗೊತ್ತದ ಇಲ್ಲೋ?"

ಅರ್ಜುನಪ್ಪನ ಕೈ ತಾನಾಗಿಯೇ ಪಟಗಾದ ಕಡೆ ಹೋಯಿತು. ಆದರೂ ಬೆನ್ನು ಸೆಟೆಸಿ ನಿಂತು ಹೇಳಿದ, "ಬರೀರಿ ಸಾಹೇಬ್ರ. ನನ್ನ ಹೆಸರು ಹಾಕೇ ಬರೀರಿ. ಪಟಗಾ ಹೋದ್ರ ತಲೀ ಏನ್ ಹೋಗೂದಿಲ್ಲ."

ಗಾಡಿ ಬಂತು, ನಿಶಾನಿ ಕಂಡು ಬುಸುಗುಟ್ಟುತ್ತ ನಿಂತಿತು. ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ತಳ್ಳದೆ, ಕೂಗಾಡದೆ, ಸರಸರ ಹತ್ತಿದರು. ದಿನಗಳು ತುಂಬಿದ ಬಸುರಿಯೊಬ್ಬಳನ್ನು ಮಾಬೂಬಿ ಕೈಹಿಡಿದು ಮೇಲೆಳೆದುಕೊಂಡಳು. "ಟಿಕೇಟು?" ಎಂದು ರಾಯರು ಕೂಗಿದರು. ಬಾಗಿಲಲ್ಲಿ ನಿಂತಿದ್ದ ಮಾಬೂಬಿ ಪಾಸು ಎತ್ತಿ ತೋರಿಸಿದಳು: "ಹಿಂದಿನ ಸ್ಟೇಷನ್ನಿಂದ ಎಲ್ಲಾರೂ ಪಾಸು ತಗಸೇವ್ರಿ ಸಾಹೇಬ್ರ! ಕಂಪನೀದು ಒಂದು ದುಡ್ಡೂ ಮುಳುಗಿಸಿಲ್ಲ. ಹತ್ತೂದಷ್ಟ ಇಲ್ಲಿ!" ಅರ್ಜುನಪ್ಪ ಕೆಂಪು ನಿಶಾನಿ ಕಿತ್ತು ಹಸಿರು ತೋರಿಸಿದ. ಗಾಡಿ ಮೆಲ್ಲಗೆ ಹೊರಟಿತು.

ರಾಯರು ಬಹಳ ಹೊತ್ತು ಗಾಡಿ ಹೋದ ದಿಕ್ಕನ್ನೇ ನೋಡಿದರು. ಆಮೇಲೆ ಕಿಸೆಯಿಂದ ವಹಿ ತೆಗೆದು, ಪೆನ್ಸಿಲಿನ ತುದಿ ನಾಲಿಗೆಗೆ ಹಚ್ಚಿ, ಬರೆಯುತ್ತ ಗಟ್ಟಿಯಾಗಿ ಓದಿದರು: "ಖುದ್ದು ತಪಾಸಣೆ ಮಾಡಲಾಯಿತು. ಲೈನು ಕೆಟ್ಟಿದೆ. ರಿಪೇರಿ ಮುಂದುವರಿಸತಕ್ಕದ್ದು. ತಂಬಿಗೆಯ ನೀರು ಚೆಲ್ಲಿತು." ಅಲ್ಲಿಗೆ ಪೆನ್ಸಿಲು ನಿಂತಿತು. ಸುಳ್ಳು ಬರೆಯುವವರಲ್ಲ ರಾಯರು. ತಂಬಿಗೆ ಎತ್ತಿಕೊಂಡು ಹಳಿಯ ಪಕ್ಕದ ಖಡಿಕಲ್ಲುಗಳ ಮೇಲೆ ನಿಧಾನಕ್ಕೆ ಬಗ್ಗಿಸಿದರು.

ಅರ್ಜುನಪ್ಪ ಹಲ್ಲು ಕಚ್ಚಿ ನೋಡುತ್ತ ನಿಂತ. ನೀರು ಕಂಠದಿಂದ ಇಳಿಯಿತು, ಕಾಲುಭಾಗ ಹೋಯಿತು, ಅರ್ಧ ಆಯಿತು. ರಾಯರ ಕೈ ಇನ್ನೂ ಬಗ್ಗಿಯೇ ಇತ್ತು. ಇನ್ನು ತಡೆಯುವುದು ಅವನಿಂದ ಆಗಲಿಲ್ಲ.

"ಸಾಕ್ರೀ ಸಾಹೇಬ್ರ, ಸಾಕು!" ಎಂದು ಚೀರಿದ. "ನನ್ನ ಲೈನು ಅಷ್ಟೇನ್ ಕೆಟ್ಟಿಲ್ರಿ! ಅಷ್ಟು ಚೆಲ್ಲೂದು ಗೋವಿಂದಪ್ಪನ ಲೈನಿನ ಮ್ಯಾಲೆ!"