ಯಜಮಾನನ ತೂಕ

ಬೆಕ್ಕಿನ ತೂಕ ಒಂದೇ ವಾರದಲ್ಲಿ ಎರಡು ಕಿಲೋ ಏರಿತ್ತು. ತೂಕದ ಯಂತ್ರದ ಮುಂದೆ ಮಂಡಿಯೂರಿ ಕೂತಿದ್ದ ತಂಗಿ ಬೆರಳು ಮಡಚಿ ಇನ್ನೊಮ್ಮೆ ಕಳೆದು ನೋಡಿದಳು. ಬಂದದ್ದು ಅಷ್ಟೇ. ತಲೆಯೆತ್ತಿ ಅಕ್ಕನನ್ನು ನೋಡಿದಾಗ ಅವಳ ಮುಖದಲ್ಲಿ ಕಳ್ಳನನ್ನು ಮಾಲಿನ ಸಮೇತ ಹಿಡಿದವರ ಗತ್ತಿತ್ತು.

"ಕದ್ದು ತಿನ್ನಿಸ್ತಿದೀಯ ಅಲ್ವಾ ಅಕ್ಕ?"

ಅಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಅವಳದು ಬಟ್ಟೆ ಇಸ್ತ್ರಿ ಮಾಡುವ ಅಂಗಡಿ. ಅವಳ ಬಾಯಿಗೆ ಬೀದಿಯೇ ಹೆದರುತ್ತಿತ್ತು. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವಳು, ತಂಗಿ, ಈ ಬೆಕ್ಕು. ಮದುವೆಯ ಗೊಡವೆಗೇ ಹೋಗದ ಅಕ್ಕತಂಗಿಯರು ಅದಕ್ಕೆ ಯಜಮಾನ ಎಂದು ಹೆಸರಿಟ್ಟಿದ್ದರು. ಮನೆ ಯಜಮಾನರಿದ್ದಾರಾ ಎಂದು ಯಾರಾದರೂ ಕೇಳಿಕೊಂಡು ಬಂದರೆ ಅಕ್ಕ ಬಿಸಿ ಬಟ್ಟೆಯ ರಾಶಿಯ ಮೇಲೆ ಮಲಗಿದವನನ್ನು ತೋರಿಸಿ, ಎದ್ದಮೇಲೆ ಮಾತಾಡಿಕೊಳ್ಳಿ ಎನ್ನುತ್ತಿದ್ದಳು.

ಅವನ ಮೈ ನೋಡಿಯೇ ಪಶುವೈದ್ಯೆ ಹುಬ್ಬೇರಿಸಿದ್ದಳು. ಹೀಗೇ ಬಿಟ್ಟರೆ ಸಕ್ಕರೆ ಕಾಯಿಲೆ ಗ್ಯಾರಂಟಿ, ಅಳತೆಯ ಲೋಟದಲ್ಲೇ ಊಟ ಹಾಕಿ, ಹಾಗಂತ ಒಮ್ಮೆಲೇ ಕಡಿಮೆ ಮಾಡಬೇಡಿ, ಬೆಕ್ಕು ಉಪವಾಸ ಬಿದ್ದರೆ ಲಿವರ್ ಕೆಡುತ್ತದೆ ಎಂದಿದ್ದಳು. ಆಸ್ಪತ್ರೆಯ ತಕ್ಕಡಿಯ ಮೇಲೆ ಯಜಮಾನ ಮಾಡಿದ ರಂಪ ನೋಡಿ, ವಾರಕ್ಕೊಮ್ಮೆ ಮನೆಯಲ್ಲೇ ತೂಗುವ ಉಪಾಯವನ್ನೂ ಹೇಳಿಕೊಟ್ಟಳು: ಎತ್ತಿಕೊಂಡು ಒಮ್ಮೆ ನಿಲ್ಲುವುದು, ಇಳಿಸಿ ಒಮ್ಮೆ ನಿಲ್ಲುವುದು, ಕಳೆಯುವುದು. ಅವನು ಅಕ್ಕನನ್ನು ಬಿಟ್ಟು ಬೇರೆಯವರ ಕೈಗೆ ಬರುವ ಪೈಕಿಯಲ್ಲ. ಅವತ್ತು ಅಲ್ಲಿ ಸೊರಗಿದ ಬೆಕ್ಕೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಒಬ್ಬಾತನಿಗೆ ಅಕ್ಕ ಸರಿಯಾಗಿ ಮಂಗಳಾರತಿ ಮಾಡಿದ್ದಳು. ಬಾಯಿಲ್ಲದ ಪ್ರಾಣಿ ಸ್ವಾಮಿ, ಕಡ್ಡಿಯಾಗುವವರೆಗೂ ಕಣ್ಣು ಮುಚ್ಚಿಕೊಂಡಿದ್ದಿರಾ ಎಂದು.

ನಿಜ ಹೇಳಬೇಕೆಂದರೆ ಅಕ್ಕ ಒಂದು ಕಾಳನ್ನೂ ಹೆಚ್ಚಿಗೆ ಹಾಕಿರಲಿಲ್ಲ. ಯಜಮಾನ ಕಾಲಿಗೆ ಸುತ್ತಿಕೊಂಡು ಗೋಳಾಡಿದರೂ ಮನಸ್ಸು ಕಲ್ಲು ಮಾಡಿಕೊಂಡಿದ್ದಳು. ಅವನು ವಾರದಿಂದ ವಾರಕ್ಕೆ ಹೇಳಿದಷ್ಟೇ ಇಳಿಯುತ್ತಿದ್ದ. ಇಳಿಯುತ್ತಿದ್ದದ್ದು ಅವನೊಬ್ಬನೇ ಅಲ್ಲ. ಅಕ್ಕ ಒಬ್ಬಳೇ ನಿಂತಾಗಲೂ ಮುಳ್ಳು ಹಿಂದೆ ಹಿಂದೆ ಸರಿಯುತ್ತಿತ್ತು. ಹೊಟ್ಟೆಯಲ್ಲಿ ಏಳುವ ನೋವು, ತುತ್ತು ಒಳಗಿಳಿಯದ ಸಂಕಟ ಅವಳಿಗೆ ಮಾತ್ರ ಗೊತ್ತು. ಡಾಕ್ಟರು ಏನು ಹೇಳಿಬಿಡುತ್ತಾರೋ, ತನ್ನನ್ನು ಮಲಗಿಸಿಬಿಟ್ಟರೆ ಅಂಗಡಿಯ ಗತಿಯೇನು, ಇವಳ ಗತಿಯೇನು ಎಂದು ಅವಳಿಗೆ ಭಯ. ತಂಗಿ ಕಳೆದು ಉಳಿದದ್ದನ್ನು ಮಾತ್ರ ನೋಡುತ್ತಿದ್ದಳು ನಿಜ. ಆದರೂ ಎಲ್ಲಿ ಕಣ್ಣಿಗೆ ಬೀಳುತ್ತದೋ ಎಂದು ಅಕ್ಕ ಏಪ್ರನ್ನಿನ ಜೇಬಿಗೆ ಮೊದಲು ದೊಡ್ಡ ಕತ್ತರಿ ಹಾಕಿಕೊಂಡಳು, ಆಮೇಲೆ ಅಂಗಡಿಯ ಬೀಗ, ಈಚೆಗೆ ಅವೆರಡರ ಬದಲು ಒಂದು ಕೆಟ್ಟ ಇಸ್ತ್ರಿ ಪೆಟ್ಟಿಗೆ. ಎರಡು ಸಲವೂ ಏಪ್ರನ್ ತೊಟ್ಟೇ ನಿಂತರೆ ಬೆಕ್ಕಿನ ಲೆಕ್ಕಕ್ಕೇನೂ ಮೋಸವಿಲ್ಲ. ಇವತ್ತು ಯಜಮಾನ ಇಳಿಯುವಾಗ ಅವನ ಉಗುರು ಏಪ್ರನ್ನಿಗೆ ಸಿಕ್ಕಿಕೊಂಡಿತು. ಬಿಡಿಸುವ ಗಡಿಬಿಡಿಯಲ್ಲಿ ಅಕ್ಕ ಅದನ್ನೇ ಕಳಚಿ ಕುರ್ಚಿಗೆ ಹಾಕಿ, ಹಾಗೇ ಹತ್ತಿ ನಿಂತುಬಿಟ್ಟಿದ್ದಳು.

ಹೌದು ಕಣೇ, ಕದ್ದು ಹಾಕಿದೆ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆನ್ನಲು ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ತಂಗಿ ಯಜಮಾನನ ತಟ್ಟೆಯಿಂದ ಮುಕ್ಕಾಲು ಪಾಲನ್ನು ವಾಪಸು ಡಬ್ಬಿಗೆ ಸುರಿದು, ಇನ್ನುಮೇಲೆ ಇಷ್ಟೇ, ಬೇಕಾದರೆ ಅರಚಿಕೊಳ್ಳಲಿ ಎಂದಳು. ಯಜಮಾನ ತಟ್ಟೆಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದ.

"ಮುಟ್ಟಬೇಡ ಅದನ್ನ," ಎಂದಳು ಅಕ್ಕ. "ಲಿವರ್ ಕೆಡುತ್ತೆ ಅಂತ ಡಾಕ್ಟರಮ್ಮ ಹೇಳಿದ್ದು ಮರೆತೋಯ್ತಾ?"

"ಹಾಗಾದ್ರೆ ಎರಡು ಕಿಲೋ ಎಲ್ಲಿಂದ ಬಂತು?"

ಅಕ್ಕ ಏಪ್ರನ್ನನ್ನು ಸರಕ್ಕನೆ ಎಳೆದು, ಜೇಬಿನಿಂದ ಇಸ್ತ್ರಿ ಪೆಟ್ಟಿಗೆ ತೆಗೆದು ತೂಕದ ಯಂತ್ರದ ಮೇಲೆ ಕುಕ್ಕಿದಳು. ಮುಳ್ಳು ಎರಡರ ಮೇಲೆ ನಿಂತಿತು.

"ಇಗೋ, ಇಲ್ಲಿಂದ. ನನ್ನ ಯಜಮಾನನ ಮೇಲೆ ಅಪವಾದ ಹೊರಿಸಬೇಡ."

ತಂಗಿ ಇಸ್ತ್ರಿ ಪೆಟ್ಟಿಗೆಯನ್ನು ನೋಡಿದಳು. ಬೆಳಗಿನಿಂದ ಮಲಗುವವರೆಗೂ ಅಕ್ಕನ ಮೈಮೇಲಿರುತ್ತಿದ್ದ ಏಪ್ರನ್ನನ್ನು ನೋಡಿದಳು. ಎಷ್ಟೋ ದಿನದ ಮೇಲೆ, ಅದಿಲ್ಲದ ಅಕ್ಕನನ್ನು ಸರಿಯಾಗಿ ನೋಡಿದಳು. ಮೈಗೊತ್ತಿ ನಿಲ್ಲುತ್ತಿದ್ದ ಅಂಗಿ ಈಗ ಗೂಟಕ್ಕೆ ನೇತುಹಾಕಿದಂತೆ ಜೋಲುತ್ತಿತ್ತು. ತಂಗಿಯ ಸಿಟ್ಟೆಲ್ಲ ಇಳಿದು ಕಣ್ಣು ತುಂಬಿಕೊಂಡಿತು.

ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ, ಕೆಲಸ ಜಾಸ್ತಿಯಾಗಿ ಒಂಚೂರು ಇಳಿದಿದ್ದೇನೆ ಅಷ್ಟೇ, ಯಾವ ಡಾಕ್ಟರೂ ಬೇಡ, ಯಾರ ಉಪದೇಶವೂ ಬೇಡ ಎಂದು ಅಕ್ಕ ಒಂದೇ ಉಸಿರಿಗೆ ಜೋರು ಮಾಡಿದಳು. ತಂಗಿ ಅದೆಲ್ಲ ಮುಗಿಯುವವರೆಗೂ ಕಾದಳು.

"ಅವತ್ತು ಆ ಮನುಷ್ಯನ್ನ ಬಾಯಿಗೆ ಬಂದಹಾಗೆ ಬೈದೆ. ಬೆಕ್ಕಿಗಾದ್ರೆ ಬಾಯಿಲ್ಲ ಅಕ್ಕ. ನಿನಗೇನಾಗಿತ್ತು?"

ಅಕ್ಕ ಡಬ್ಬಿ ತೆರೆದು, ಲೋಟದಲ್ಲಿ ಅಳೆದು, ತಟ್ಟೆಗೆ ಮತ್ತೆ ಊಟ ಹಾಕಿದಳು. ಯಜಮಾನ ತಿಂದು ಮುಗಿಸುವವರೆಗೂ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕೂತಿದ್ದಳು. ಆಮೇಲೆ ಅವನನ್ನೆತ್ತಿ ಎದೆಗೊತ್ತಿಕೊಂಡು, ಗೋಡೆ ಹಿಡಿದು ಮೇಲೆದ್ದಳು.

"ನಾಳೆ ಡಾಕ್ಟರ ಹತ್ರ ಬರ್ತೀನಿ, ಅಳಬೇಡ. ಆದ್ರೆ ಅಲ್ಲಿ ನನ್ನ ತೂಕಕ್ಕೆ ನಿಲ್ಲಿಸಿದ್ರೆ ಇವನನ್ನ ಎತ್ಕೊಂಡೇ ನಿಲ್ಲೋದು. ಬೇಕಾದ್ರೆ ಅವರೇ ಕಳೆದು ನೋಡ್ಕೊಳ್ಳಲಿ."