ಒಂದು ಗುಟುಕು ನೀರು

"ನಾಳೆ ಆಪರೇಷನ್ ಇಟ್ಕೊಂಡು ಈಗ ಸಾಕೆ ಬೇಕಂತೆ! ಒಂದು ತೊಟ್ಟೂ ಕುಡೀಬಾರ್ದು ಅಂತ ಡಾಕ್ಟ್ರು ಹೇಳಿದ್ದು ಕಿವಿಗೆ ಬೀಳಲಿಲ್ವೇನ್ರೀ?" ಕಿಯೊನೊ ಗಂಡನ ಕೈಯಿಂದ ಸಾಕೆ ಮದ್ಯದ ಹೂಜಿಯನ್ನು ಕಿತ್ತುಕೊಂಡಳು.

"ಕುಡಿಯೋಕಲ್ಲ ಮಾರಾಯ್ತಿ, ನೋಡೋಕೆ," ಎಂದ ಯಾಸಾಕು. ಅವನ ಮುಂದೆ ಆವಿಗೆಯಿಂದ ನಿನ್ನೆಯಷ್ಟೇ ಇಳಿದ ಎರಡು ಪುಟ್ಟ ಸಾಕೆ ಬಟ್ಟಲುಗಳಿದ್ದವು. ಒಳಗೆ, ತಳದಲ್ಲಿ, ಕೂದಲೆಳೆಯಂಥ ಕೆಂಪು ಗೆರೆಗಳ ಅಲೆ. ಅಲೆಯ ಮೇಲೆ ಒಂದೊಂದು ಹಕ್ಕಿ. "ಊರವರ ಮದುವೆಗೆಲ್ಲ ಬಟ್ಟಲಿಗೆ ಚಿತ್ರ ಬರೆದುಕೊಟ್ಟೆ. ನಮ್ಮಿಬ್ಬರಿಗೆ ಅಂತ ಬರೆದಿದ್ದು ಇದೇ ಮೊದಲು ಕಣೇ. ತುಂಬಿಸಿದ್ರೇನೇ ಅಲೆ ಏಳೋದು. ಒಣ ಬಟ್ಟಲು ನೋಡ್ಕೊಂಡು ಹೋಗಿ ಆಸ್ಪತ್ರೇಲಿ ಮಲಗ್ಲಾ?"

ಕಿಯೊನೊ ಹೂಜಿಯನ್ನು ಪಕ್ಕಕ್ಕಿಟ್ಟಳು. ಹಿಂದೆಮುಂದೆ ಯೋಚಿಸದೆ ಒಳಗಿನಿಂದ ತಣ್ಣೀರು ತಂದಳು. ಅವನ ಬಟ್ಟಲಿಗೆ ಅವಳು ಹೊಯ್ದಳು, ಅವಳದಕ್ಕೆ ಅವನು. ಕಾಗದದ ಬಾಗಿಲಿಂದ ಸೋಸಿ ಬಂದ ಬೆಳಗಿನ ಬೆಳಕಿನಲ್ಲಿ ಕೆಂಪು ಅಲೆಗಳು ಮೆಲ್ಲನೆ ಅಲುಗಿದವು. ಹಕ್ಕಿ ರೆಕ್ಕೆ ಬಿಚ್ಚಿತೋ ಏನೋ! ಇಬ್ಬರೂ ಬಗ್ಗಿ ಅದನ್ನೇ ನೋಡಿದರು.

"ಆಹಾ! ನೀನು ಕೊಟ್ರೆ ನೀರೂ ಅಮಲೇ," ಎನ್ನುತ್ತ ಯಾಸಾಕು ಗಟಕ್ಕನೆ ಕುಡಿದುಬಿಟ್ಟ. ಕಿಯೊನೊ ನಗುತ್ತಲೇ ತನ್ನ ಬಟ್ಟಲನ್ನು ಬಾಯಿಗೆ ಬಗ್ಗಿಸಿದಳು. ನೀರು ನಾಲಿಗೆಗೆ ತಾಗಿದಾಗ ಅವಳಿಗೆ ನೆನಪಾಯಿತು. ಅಯ್ಯೋ ದೇವರೇ, ಎಂಥ ಕೆಲಸ ಮಾಡಿಬಿಟ್ಟೆ! ಸಾಕೆ ಬಟ್ಟಲಲ್ಲಿ ಇಬ್ಬರೂ ನೀರು ಕುಡಿಯುವುದು ಒಂದೇ ಒಂದು ಸಂದರ್ಭದಲ್ಲಿ: ಇನ್ನು ಈ ಜನ್ಮದಲ್ಲಿ ಮುಖ ನೋಡುವುದಿಲ್ಲ ಎಂದು ಬೀಳ್ಕೊಡುವಾಗ. ಯುದ್ಧಕ್ಕೆ ಹೊರಟ ಅಣ್ಣನಿಗೆ ಅಮ್ಮ ಹಾಗೆ ಕೊಟ್ಟಿದ್ದಳು. ಅಣ್ಣ ಬರಲಿಲ್ಲ.

ಅವನು ಕುಡಿದಾಗಿತ್ತು. ತಾನೂ ನುಂಗಿದರೆ ಮುಗಿಯಿತು. ಹೊರಟು ನಿಂತ ಗಂಡನ ಎದುರು ಉಗುಳುವುದೂ ಹೇಗೆ? ಕಿಯೊನೊ ಕೆನ್ನೆ ಉಬ್ಬಿಸಿಕೊಂಡು ಹಾಗೇ ಕುಳಿತಳು.

ಬಾಯಲ್ಲಿ ನೀರು ಬೆಚ್ಚಗಾಗತೊಡಗಿತು. ತಾನೇ ಆ ಬಟ್ಟಲಿನ ತಳಕ್ಕಿಳಿದಿರುವಂತೆ, ತಲೆಯ ಮೇಲೆ ಕೆಂಪು ಅಲೆಗಳು ತೇಲುತ್ತಿರುವಂತೆ ಅವಳಿಗೆ ಭಾಸವಾಯಿತು. ಎಲ್ಲೋ ದಡದ ಮೇಲೆ ಯಾಸಾಕು ಓಡಾಡುತ್ತಿದ್ದ, ಗಂಟು ಕಟ್ಟುತ್ತಿದ್ದ, ಮಾತಾಡುತ್ತಿದ್ದ. ಹಾಗೇ ಕಣ್ಣುಮುಚ್ಚಿದರೆ ಹೊತ್ತು ನಿಂತುಬಿಡುತ್ತದೆ, ಅವನು ಹೊರಡುವುದೇ ಇಲ್ಲ ಅನ್ನಿಸಿತು.

"ಕುಂಚಗಳನ್ನ ಇಲಿ ಕಡೀದ ಹಾಗೆ ಎತ್ತಿಡು. ಕೇಳಿಸ್ತಾ?"

"ಊಂ."

"ಮುಖ ಯಾಕೆ ಹಾಗೆ ಊದಿಸ್ಕೊಂಡಿದೀಯ? ಸಾಕೆ ಕೇಳಿದ್ದಕ್ಕೆ ಇನ್ನೂ ಸಿಟ್ಟಾ?"

"ಊಂಹೂಂ."

ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಯಾಸಾಕು ಬಾಗಿಲಲ್ಲಿ ಬೂಟು ಹಾಕಿಕೊಂಡು ಹೊರಗಿಳಿದ. ಎರಡು ಹೆಜ್ಜೆ ಹೋದವನು ತಿರುಗಿ ನಿಂತ.

"ಹೋಗಿ ಬನ್ನಿ ಅಂತಾದ್ರೂ ಹೇಳೇ. ಬರೀ ಮಣ್ಣು ತರೋಕೆ ಹೋದಾಗ್ಲೂ ಹೇಳ್ತಿದ್ದೆ." ಅವನ ದನಿ ನಡುಗಿತು. ಇವನಿಗೂ ಹೆದರಿಕೆಯೇ, ಬೆಳಗಿನಿಂದ ಆಡಿದ್ದೆಲ್ಲ ಬರೀ ಜಂಬ ಎಂದು ಕಿಯೊನೊಳಿಗೆ ಆಗ ಗೊತ್ತಾಯಿತು.

ಅವಳು ಹೊಸಿಲಿಗೆ ಬಂದು, ಬಾಯಲ್ಲಿದ್ದ ನೀರನ್ನಷ್ಟೂ 'ಫೂ' ಎಂದು ಬಾಗಿಲ ಮುಂದಿನ ಕಲ್ಲಿನ ಮೇಲೆ ಊದಿಬಿಟ್ಟಳು. ನಾಲ್ಕು ಹನಿ ಅವನ ಬೂಟಿನ ಮೇಲೂ ಬಿದ್ದವು.

"ಏನೇ ಇದು! ಹುಚ್ಚು ಹಿಡೀತಾ ನಿಂಗೆ?"

"ಬಾಗಿಲಿಗೆ ನೀರು ಚಿಮುಕಿಸಿದೆ ಕಣ್ರೀ. ಮನೆಗೆ ಬರೋರಿದ್ದಾಗ ಚಿಮುಕಿಸಲ್ವೇ?"

"ನಾನೇ ಹೊರಟಿರೋವಾಗ ಇನ್ಯಾರೇ ಬರೋದು?"

"ನೀವು," ಎಂದಳು ಕಿಯೊನೊ ಬರಿಗೈಯಿಂದಲೇ ಬಾಯಿ ಒರೆಸಿಕೊಳ್ಳುತ್ತ. "ಬರೋವರೆಗೂ ದಿನಾ ಚಿಮುಕಿಸ್ತೀನಿ."