ಮುಂಗಡ ಹರಕೆ

ಎಂಬತ್ತಾರನೇ ಇಸವಿಯ ಆ ಭಾನುವಾರ ತಂಗವೇಲು ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಹೋತ ಆಗಲೇ ಸಾರಾಗಿ ಕುದಿಯುತ್ತಿತ್ತು.

ಅಂಗಳಕ್ಕೆ ಚಪ್ಪರ, ಚಪ್ಪರದ ತುಂಬ ನೆಂಟರು. ಮೊಮ್ಮಗ ಬಿ.ಎಸ್‌ಸಿ. ಎರಡನೇ ವರ್ಷ ಪಾಸಾದರೆ ಮಾರಮ್ಮನಿಗೆ ಹೋತ ಕೊಡುತ್ತೇನೆ ಎಂದು ಅಜ್ಜಿ ಕನ್ನಿಯಮ್ಮಾಳ್ ಹರಕೆ ಹೊತ್ತಿದ್ದು ನಿಜ. ಆದರೆ ಫಲಿತಾಂಶ ಬರುವ ತನಕ ಕಾಯಲು ಆ ಹೋತ ಬಿಡಬೇಕಲ್ಲ! ಒಣಹಾಕಿದ್ದ ಹೊಸ ಸೀರೆಯ ಸೆರಗನ್ನು ಅದು ತಿಂದು ತೇಗಿದ ದಿನವೇ ಅಜ್ಜಿ ತೀರ್ಮಾನಿಸಿಬಿಟ್ಟಳು: "ಹುಡುಗ ಬರೆದಾಯ್ತಲ್ಲ, ಪಾಸಾಗ್ದೆ ಎಲ್ಲಿ ಹೋಗ್ತಾನೆ? ಮುಂದಾಗೇ ಕೊಟ್ಬಿಡಾಣ."

ಹುಡುಗ ಮಾತ್ರ ಹಿಂದಿನ ದಿನ ಕೊಯಮತ್ತೂರಿನಲ್ಲಿ ಕಾಲೇಜಿನ ನೋಟೀಸ್ ಬೋರ್ಡಿನ ಮುಂದೆ ನಿಂತು, ತನ್ನ ನಂಬರನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹುಡುಕಿ ಸೋತಿದ್ದ. ಗಣಿತದಲ್ಲಿ ಗೋತಾ. ಇನ್ನು ಆ ಕಾಲೇಜಿನ ಸಹವಾಸವೇ ಬೇಡ, ಅಜ್ಜಿಗೊಂದು ಮಾತು ಹೇಳಿ ಸಂಜೆಯ ಬಸ್ಸಿಗೆ ತಿರುಪ್ಪೂರಿಗೆ ಹೋಗಿ ಬನಿಯನ್ ಕಂಪನಿ ಸೇರಿಬಿಡುವುದು ಎಂದು ಬಟ್ಟೆಬರೆಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದಿದ್ದ. ಇಲ್ಲಿ ನೋಡಿದರೆ ಬಂಧುಬಳಗವೆಲ್ಲ ಅವನು ಪಾಸಾದ ಊಟಕ್ಕೆ ಎಲೆ ಹಾಕಿಕೊಂಡು ಕೂತಿದೆ.

ಹರಕೆ ಯಾರ ಹೆಸರಿನದೋ ಅವರೇ ಬಡಿಸಬೇಕೆಂಬುದು ಆ ಮನೆತನದ ಕಟ್ಟಳೆ. ಉಸಿರು ಬಿಡಲೂ ಬಿಡದೆ ಅಜ್ಜಿ ಸಾರಿನ ಬಕೆಟ್ಟನ್ನು ಅವನ ಕೈಗೆ ಕೊಟ್ಟಳು. "ಎಲುಬು ನೋಡಿ ಹಾಕು ಸಾಮಿ, ಪಾಸಾದ ಕೈ!" ಎಂದರು ಮೊದಲ ಎಲೆಯವರು. "ನಮ್ಮ ಕುಲಕ್ಕೇ ನೀನು ಬೆಳಕು" ಎಂದರು ಎರಡನೆಯವರು. ಮೂರನೇ ಎಲೆಯ ಚಿಕ್ಕಪ್ಪ ವೆಲ್ಲಿಂಗಿರಿ "ಕಲೆಕ್ಟರ್ ಆಗ್ತೀಯ ಕಣ್ಣು" ಎಂದು ಮುದ್ದುಗರೆದದ್ದೇ ತಡ, ಹುಡುಗನಿಗೆ ತಡೆಯಲಾಗಲಿಲ್ಲ.

"ನಾನು ಫೇಲು!" ಎಂದು ಕಿರುಚಿದ. ಸೌಟು ಬಕೆಟ್ಟಿನೊಳಗೆ ಮುಳುಗಿತು. ಚಪ್ಪರದಲ್ಲಿ ಎಲುಬು ಕಡಿಯುವ ಸದ್ದೂ ನಿಂತಿತು. ಭೂಮಿ ಬಾಯಿ ಬಿಟ್ಟಿದ್ದರೆ ಬಕೆಟ್ಟಿನ ಸಮೇತ ಒಳಗೆ ಹೋಗಿಬಿಡುತ್ತಿದ್ದ.

"ಎಷ್ಟು ಪೇಪರು?" ಎಂದು ಕೇಳಿದ ವೆಲ್ಲಿಂಗಿರಿ.

"ಒಂದು."

"ಥೂ, ಒಂದಾ! ನಾನು ತೋಟದಲ್ಲಿ ಮೂರು ಬೋರು ಹಾಕ್ಸಿದೆ. ಮೂರರಲ್ಲೂ ಬರೀ ಧೂಳು. ನಾಲ್ಕನೇದು ಹಾಕ್ಸಲಿಲ್ವಾ? ಸಾರು ಹಾಕು, ಆರಿಹೋಗ್ತದೆ."

ಅಷ್ಟಕ್ಕೆ ಮುಗಿಯಲಿಲ್ಲ, ಅದು ಪಂದ್ಯವಾಗಿಬಿಟ್ಟಿತು. "ಬೋರು ಬಿಡಣ್ಣ, ನನ್ನ ಕೇಳು" ಎಂದು ಎದ್ದಳು ಅತ್ತೆ ಕಮಲಾತಾಳ್. "ಹೆಣ್ಣು ನೋಡಕ್ಕೆ ಬಂದವರೆಲ್ಲ ಬಜ್ಜಿ ತಿಂದು ತಿಂದು ಹೋದ್ರು. ಆ ಬಜ್ಜಿ ವಾಸನೆ ಕಂಡ್ರೆ ಈಗ್ಲೂ ನಂಗೆ ಆಗಲ್ಲ!" ಮೂಲೆಯ ಮುದುಕನೊಬ್ಬ, ತಾನು ಐದನೇ ಕ್ಲಾಸಿನಲ್ಲಿ ಕೂತು ಕೂತು ಕೊನೆಗೆ ಮೇಷ್ಟ್ರೇ ನಿವೃತ್ತರಾದರೆಂದು ಎದೆ ತಟ್ಟಿಕೊಂಡ. ಅಜ್ಜಿ ಬಿಡುತ್ತಾಳೆಯೇ? "ಮದುವೆಯಾಗಿ ಬಂದ ದಿನ ನಾನು ಮಾಡಿದ ಸಾರು ನಮ್ಮತ್ತೆ ನಾಯಿಗೆ ಹುಯ್ದಳು. ನಾಯಿ ಮೂಸಿ ನೋಡಿ ಹೊರಟೇ ಹೋಯ್ತು!" ನಕ್ಕು ನಕ್ಕು ಒಬ್ಬರ ನೀರು ಇನ್ನೊಬ್ಬರ ಎಲೆಗೆ ಹರಿಯಿತು. ತಂಗವೇಲು ಬಕೆಟ್ಟು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ಕೂತ. ಕಣ್ಣಲ್ಲಿ ನೀರು ಬಂತು. ಹಿಂದಿನ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಎಲ್ಲಿಗೆ ಹೋಯಿತೋ ಅವನಿಗೇ ತಿಳಿಯಲಿಲ್ಲ.

"ನವೆಂಬರಿನಲ್ಲಿ ಮತ್ತೆ ಬರೀಬಹುದು ಅಜ್ಜಿ" ಎಂದ, ತಾನಾಗಿಯೇ.

"ಬರಿ. ಮಾರಮ್ಮನಿಗೆ ಕೊಡೋದು ಕೊಟ್ಟಾಯ್ತು, ಇನ್ನು ಭಯ ಬೀಳಬೇಕಾದ್ದು ಅವಳು."

ಆಗಲೇ ಯಾರೋ ನೋಡಿದ್ದು, ಸಾಲಿನ ಕೊನೆಯಲ್ಲಿ ಹೆಡ್‌ಮಾಸ್ಟರ್ ಅಯ್ಯಾಸಾಮಿ ಮಾಮ ತುಟಿ ಬಿಚ್ಚದೆ ಕೂತಿದ್ದಾರೆ. ಮನೆಯ ಮಕ್ಕಳಿಗೆಲ್ಲ ಬೈಯುವಾಗ ಹೋಲಿಸಿ ತೋರಿಸುತ್ತಿದ್ದುದು ಅವರನ್ನೇ.

"ನಿಮ್ಮದು ಹೇಳಿ ಮಾಮ!"

ಮಾಮ ಎಲೆ ನೋಡಿದರು, ಚಪ್ಪರ ನೋಡಿದರು, ತುಂಬ ಹೊತ್ತು ಯೋಚಿಸಿದರು. "ನಂದು... ಏನೂ ಇಲ್ಲ. ಎಲ್ಲಾ ಮೊದಲನೇ ಸಲಕ್ಕೇ ಆಗಿಹೋಯ್ತು" ಎಂದರು ಮೆಲ್ಲಗೆ, ತಪ್ಪು ಮಾಡಿದವರ ಹಾಗೆ.

ಚಪ್ಪರವೆಲ್ಲ ಲೊಚಗುಟ್ಟಿತು. ಅಜ್ಜಿ ಕೆನ್ನೆಗೆ ಕೈ ಹಚ್ಚಿದಳು.

"ಅಯ್ಯೋ ಪಾಪ! ನಾಳೆ ಒಂದು ಸೋಲು ಬಂದ್ರೆ ಹೆಂಗಪ್ಪಾ ತಾಳ್ತೀಯ? ತಂಗವೇಲು, ಮಾಮನಿಗೆ ಇನ್ನೆರಡು ತುಂಡು ಹಾಕು ಕಣ್ಣು."